ಬಿಎಂಡಬ್ಲ್ಯು ಆರ್90ಎಸ್ ಕೊಳ್ಳೋದಾ, ಆರ್100ಆರ್‌ಎಸ್ ಕೊಳ್ಳೋದಾ? ಎಂಜಿನ್ ಮಾತ್ರ ಕೊನೆಗೆ ನೋಡಿ

ಹಳೇ ಬೈಕು ನೋಡಲು ಹೋದವರು ಮೊದಲು ಅದನ್ನು ಸ್ಟಾರ್ಟ್ ಮಾಡಿಸುತ್ತಾರೆ. ಬಗ್ಗಿ ಕಿವಿ ಕೊಟ್ಟು ಕೇಳುತ್ತಾರೆ, ಎರಡು ಸಲ ರೇಸ್ ಮಾಡುತ್ತಾರೆ, ಸೈಲೆನ್ಸರ್ ಹಿಂದೆ ಕೈ ಹಿಡಿದು ಹೊಗೆ ಮೂಸಿ ನೋಡುತ್ತಾರೆ. ನಮ್ಮಪ್ಪ ಸೆಕೆಂಡ್ ಹ್ಯಾಂಡ್ ಯೆಜ್ಡಿ ತಂದಾಗಲೂ ಹೀಗೇ ಮಾಡಿದ್ದರು. ಅದು ತಪ್ಪೇನಲ್ಲ, ಆ ಬೈಕು ದಿನಾ ಓಡಬೇಕಿತ್ತು. ಆದರೆ ಸಂಗ್ರಹಕ್ಕೆ ಅಂತ ಬಿಎಂಡಬ್ಲ್ಯು ಆರ್90ಎಸ್ ಅಥವಾ ಆರ್100ಆರ್‌ಎಸ್ ಕೊಳ್ಳಲು ಹೊರಟಿದ್ದರೆ ಈ ಕ್ರಮವನ್ನು ಪೂರ್ತಿ ಉಲ್ಟಾ ಮಾಡಿಕೊಳ್ಳಿ. ಎಂಜಿನ್ ಕೊನೆಗೆ ನೋಡಿ.

ಕಾರಣ ಸುಲಭ. ಇವೆರಡರ ಎಂಜಿನ್ನು ಒಂದೇ ಮನೆತನದ್ದು, ಗಾಳಿಯಿಂದ ತಣ್ಣಗಾಗುವ ಎರಡು ಸಿಲಿಂಡರಿನ ಬಾಕ್ಸರ್. ಒಂದು ಸಿಲಿಂಡರು ಎಡಕ್ಕೆ, ಇನ್ನೊಂದು ಬಲಕ್ಕೆ ಚಾಚಿಕೊಂಡಿರುತ್ತೆ. ಸಿಲಿಂಡರಿನ ತುದಿಯ ಹೆಡ್ ಬಿಚ್ಚಬೇಕು ಅಂದರೆ ಎಂಜಿನ್ ಇಳಿಸುವುದೇ ಬೇಡ. ಪಿಸ್ಟನ್, ವಾಲ್ವ್, ಸೀಲು, ಬೇರಿಂಗು ಎಲ್ಲಾ ಇವತ್ತಿಗೂ ಸಿಗುತ್ತೆ. ಸಿಗದೇ ಇರುವುದು ಬೇರೆ: ಫ್ಯಾಕ್ಟರಿಯಲ್ಲಿ ಹೊಡೆದ ಬಣ್ಣ, ಹೊಂದಿಕೆಯಾಗುವ ನಂಬರು, ಪೂರ್ತಿ ಇರುವ ಫೇರಿಂಗು, ಅಂದರೆ ಗಾಳಿ ತಡೆಯಲು ಬೈಕಿನ ಮುಂದೆ ಕೂರಿಸುವ ಹೊದಿಕೆ. ದುಡ್ಡು ಕೊಟ್ಟರೂ ವಾಪಸ್ ಬರದ್ದನ್ನು ಮೊದಲು ನೋಡಬೇಕು, ದುಡ್ಡು ಕೊಟ್ಟರೆ ಬರುವುದನ್ನು ಆಮೇಲೆ. ನಾನು ಮ್ಯೂನಿಕ್ಕಿನಲ್ಲಿದ್ದುಕೊಂಡು ಬೇಕಾದಷ್ಟು ಬೈಕು ನೋಡಿ, ಒಂದೆರಡು ಸಲ ಚೆನ್ನಾಗಿ ಕೈ ಸುಟ್ಟುಕೊಂಡ ಮೇಲೆ ಈ ಬುದ್ಧಿ ಬಂತು.

ಇವೆರಡು ಏನು, ಎಲ್ಲಿಂದ ಬಂದವು

1970ರ ದಶಕದ ಶುರುವಿನಲ್ಲಿ ಬಿಎಂಡಬ್ಲ್ಯು ಬೈಕು ಅಂದರೆ ಮೇಷ್ಟ್ರ ಬೈಕು, ಪೊಲೀಸರ ಬೈಕು ಅನ್ನುವ ಹೆಸರಿತ್ತು. ಗಟ್ಟಿ, ನಿಶ್ಶಬ್ದ, ಕಪ್ಪು ಬಣ್ಣ. ಅಷ್ಟರಲ್ಲಿ ಜಪಾನಿನವರು ನಾಲ್ಕು ಸಿಲಿಂಡರಿನ ಬೈಕು ತಂದು ಎಲ್ಲರ ನಿದ್ದೆ ಕೆಡಿಸಿದರು. ಅದಕ್ಕೆ ಬಿಎಂಡಬ್ಲ್ಯು ಕೊಟ್ಟ ಉತ್ತರ ಆರ್90ಎಸ್. 1973ರ ಅಕ್ಟೋಬರ್‌ನಲ್ಲಿ ಪ್ಯಾರಿಸ್ ಪ್ರದರ್ಶನದಲ್ಲಿ ತೋರಿಸಿದರು, 1976ರವರೆಗೆ ಬರ್ಲಿನ್‌ನ ಸ್ಪಾಂಡಾವ್ ಕಾರ್ಖಾನೆಯಲ್ಲಿ ತಯಾರಿಸಿದರು. 898 ಸಿಸಿ, 67 ಅಶ್ವಶಕ್ತಿ, 5 ಗೇರು, ಹಿಂದಿನ ಚಕ್ರ ತಿರುಗಿಸಲು ಚೈನಿನ ಬದಲು ಶಾಫ್ಟು, ಗಂಟೆಗೆ 200 ಕಿ.ಮೀ. ಹತ್ತಿರದ ವೇಗ. ರೂಪ ಕೊಟ್ಟವರು ಹಾನ್ಸ್ ಮೂಟ್. ಮುಂದೆ ಸುಜುಕಿ ಕಟಾನಾ ಬೈಕಿನ ರೂಪದ ಹಿಂದೆ ಇದ್ದವರೂ ಇವರೇ. ಹೆಡ್‌ಲೈಟ್ ಸುತ್ತ ಒಂದು ಪುಟ್ಟ ಫೇರಿಂಗು, ಅದರೊಳಗೆ ಗಡಿಯಾರ ಮತ್ತು ವೋಲ್ಟ್ ಮೀಟರು, ಹೊಗೆ ಕವಿದಂತೆ ಒಂದು ಬಣ್ಣ ಇನ್ನೊಂದರೊಳಗೆ ಕರಗುವ ಪೇಂಟು. ಅಂಥ ಬಣ್ಣವನ್ನು ಬಿಎಂಡಬ್ಲ್ಯು ಮೇಲೆ ಅವತ್ತಿನವರೆಗೆ ಯಾರೂ ನೋಡಿರಲಿಲ್ಲ.

1976ರಲ್ಲಿ ಅಮೆರಿಕದ ಡೇಟೋನಾ ಸೂಪರ್‌ಬೈಕ್ ರೇಸಿನಲ್ಲಿ ಎರಡು ಆರ್90ಎಸ್‌ಗಳು ಒಟ್ಟಿಗೆ ಗೆರೆ ದಾಟಿದವು. ಫೋಟೋ ನೋಡಿ ಸ್ಟೀವ್ ಮೆಕ್‌ಲಾಫ್ಲಿನ್ ಗೆದ್ದರು ಅಂತ ತೀರ್ಮಾನ ಆಯಿತು. ಎರಡನೆಯವರಾದ ರೆಗ್ ಪ್ರಿಡ್ಮೋರ್ ಆ ವರ್ಷದ ಚಾಂಪಿಯನ್‌ಶಿಪ್ಪನ್ನೇ ಹೊಡೆದರು. ಮೇಷ್ಟ್ರ ಬೈಕು ಅನ್ನುವ ಮಾತು ಅಲ್ಲಿಗೆ ಮುಗಿಯಿತು.

ಅದೇ ವರ್ಷ ಕೊಲೋನ್ ಪ್ರದರ್ಶನದಲ್ಲಿ ಆರ್100ಆರ್‌ಎಸ್ ಬಂತು. 980 ಸಿಸಿ, 70 ಅಶ್ವಶಕ್ತಿ. ಶಕ್ತಿ ಜಾಸ್ತಿ ಆಗಿದ್ದು ಬರೀ ಮೂರು, ಆದರೆ ಮಾತು ಅದಲ್ಲ. ಮೂಟ್ ಮತ್ತು ಅವರ ಜೊತೆಗಾರರು ಇಟಲಿಯ ಕಾರು ವಿನ್ಯಾಸದ ಕಂಪನಿ ಪಿನಿನ್‌ಫಾರಿನಾದ ಗಾಳಿ ಸುರಂಗದಲ್ಲಿ (ಜೋರಾಗಿ ಗಾಳಿ ಬಿಟ್ಟು ವಾಹನದ ಆಕಾರ ಪರೀಕ್ಷಿಸುವ ಜಾಗ) ಕೂತು ಬೈಕಿಗೆ ಪೂರ್ತಿ ಮೈ ಮುಚ್ಚುವ ಫೇರಿಂಗ್ ಮಾಡಿದ್ದರು. ಎಸ್‌ನ, ಅಂದರೆ ಆರ್90ಎಸ್‌ನ, ಫೇರಿಂಗು ಮುಂದಿನ ಚಕ್ರ ಹಿಡಿದಿರುವ ಫೋರ್ಕಿಗೆ ಕೂತಿರುತ್ತೆ, ಹ್ಯಾಂಡಲ್ ತಿರುಗಿಸಿದರೆ ಅದೂ ತಿರುಗುತ್ತೆ. ಆರ್‌ಎಸ್‌ನದ್ದು ಫ್ರೇಮಿಗೆ ಕೂತಿರುತ್ತೆ, ಹ್ಯಾಂಡಲ್ ತಿರುಗಿದರೂ ಅದು ಅಲ್ಲಾಡಲ್ಲ. ಮಳೆಯಲ್ಲಿ 130ರಲ್ಲಿ ಹೋಗುತ್ತಿರುವಾಗ ಈ ವ್ಯತ್ಯಾಸ ಏನು ಅಂತ ಮೈಗೇ ಗೊತ್ತಾಗುತ್ತೆ.

ಹೆಜ್ಜೆ 1: ನಿಮಗೆ ಯಾವುದು ಬೇಕು ಅಂತ ಮನೆಯಲ್ಲೇ ಕೂತು ತೀರ್ಮಾನಿಸಿ

ಇದನ್ನು ಮಾರುವವನ ಗ್ಯಾರೇಜಿನಲ್ಲಿ ನಿಂತು ತೀರ್ಮಾನಿಸಲು ಹೋದರೆ ಕೆಟ್ಟಿರಿ. ಎದುರಿಗೆ ಆರ್90ಎಸ್ ನಿಂತಿದ್ದರೆ ಯಾರ ಬುದ್ಧಿಯೂ ನೆಟ್ಟಗೆ ಕೆಲಸ ಮಾಡಲ್ಲ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಬೆಲೆ ಉಳಿಯಬೇಕು, ನಾಲ್ಕು ಜನ ನಿಂತು ನೋಡಬೇಕು, ವರ್ಷಕ್ಕೆ ಸಾವಿರ ಕಿ.ಮೀ. ಓಡಿಸಿದರೆ ಸಾಕು ಅನ್ನುವವರಿಗೆ ಆರ್90ಎಸ್. ಮೂರೇ ವರ್ಷ ತಯಾರಾದ ಬೈಕು, ಬೇಡಿಕೆ ಯಾವತ್ತೂ ಇದೆ, ಬೆಲೆಯಲ್ಲೂ ಆರ್‌ಎಸ್‌ಗಿಂತ ಮುಂದೆ. ಶನಿವಾರ ಬೆಳಿಗ್ಗೆ ಹೊರಟು ಆಲ್ಪ್ಸ್ ದಾಟಿ ಭಾನುವಾರ ರಾತ್ರಿ ವಾಪಸ್ ಬರುವವರಿಗೆ ಆರ್‌ಎಸ್. ಆದರೆ ಒಂದು ಮಾತು, ಜುಲೈ ಬಿಸಿಲಲ್ಲಿ ಊರೊಳಗೆ ಆರ್‌ಎಸ್ ಓಡಿಸುವುದು ಅಂದರೆ ಒಲೆ ಮುಂದೆ ಕೂತ ಹಾಗೆ. ಎಂಜಿನ್ನಿನ ಬಿಸಿ ಫೇರಿಂಗ್ ಒಳಗಿಂದ ಕಾಲಿಗೇ ಬಡಿಯುತ್ತೆ. ಹ್ಯಾಂಡಲ್ಲೂ ಕಿರಿದು, ಕೆಳಗಿದೆ. ಮಣಿಕಟ್ಟು ನೋವಿರುವವರು ಒಂದು ಗಂಟೆ ಓಡಿಸಿ ನೋಡದೆ ಕೊಳ್ಳಬೇಡಿ.

ಹೆಜ್ಜೆ 2: ನಂಬರು

ಫ್ರೇಮ್ ನಂಬರು ಹ್ಯಾಂಡಲ್ ಕೂರುವ ಕತ್ತಿನ ಹತ್ತಿರ ಕೊರೆದಿರುತ್ತೆ. ಅಲ್ಲೇ ಒಂದು ಪುಟ್ಟ ಲೋಹದ ಪಟ್ಟಿಯೂ ಇರುತ್ತೆ, ಅದರ ಮೇಲೆ ಮಾಡೆಲ್ ಹೆಸರು. ಎಂಜಿನ್ ನಂಬರು ಎಡಗಡೆ, ಆಯಿಲ್ ನೋಡುವ ಡಿಪ್‌ಸ್ಟಿಕ್‌ನ ಮೇಲ್ಗಡೆ. 1970ರ ದಶಕದ ಬಿಎಂಡಬ್ಲ್ಯುಗಳಲ್ಲಿ ಈ ಎರಡೂ ನಂಬರು ಒಂದೇ ಆಗಿರಬೇಕು. ಬೇರೆ ಬೇರೆ ಇದ್ದರೆ ಎಂಜಿನ್ ಯಾವಾಗಲೋ ಬದಲಾಗಿದೆ ಅಂತ ಅರ್ಥ. ಓಡಿಸುವುದಕ್ಕೆ ಅದರಿಂದ ಏನೂ ತೊಂದರೆಯಿಲ್ಲ, ಬೆಲೆ ಮಾತ್ರ ಚೆನ್ನಾಗಿಯೇ ಇಳಿಯಬೇಕು. 80ರ ದಶಕದ ಆರ್‌ಎಸ್‌ಗಳಿಗೆ ಈ ಲೆಕ್ಕ ಹಾಕಬೇಡಿ, ಆಗ ನಂಬರಿನ ಪದ್ಧತಿಯೇ ಬದಲಾಗಿತ್ತು.

ನಂಬರು ಯಾಕಿಷ್ಟು ಮುಖ್ಯ ಅಂದರೆ, ಆರ್90ಎಸ್‌ಗೆ ಆರ್90/6 ಅಂತ ಒಬ್ಬ ತಮ್ಮ ಇದ್ದಾನೆ. ಅದೇ ಫ್ರೇಮು, ಅದೇ 898 ಸಿಸಿ. 60 ಅಶ್ವಶಕ್ತಿ, ಬಿಂಗ್ ಕಂಪನಿಯ ಕಾರ್ಬೊರೇಟರು, ಮುಂದೆ ಒಂದೇ ಡಿಸ್ಕು. ಬೆಲೆಯೂ ಕಡಿಮೆ. ಅದಕ್ಕೆ ಪುಟ್ಟ ಫೇರಿಂಗು, 24 ಲೀಟರ್ ಟ್ಯಾಂಕು, ಎರಡನೇ ಡಿಸ್ಕು ಹಾಕಿ ಹೊಗೆ ಬಣ್ಣ ಹೊಡೆಸಿದರೆ ಹತ್ತು ಅಡಿ ದೂರದಿಂದ ಅಪ್ಪಟ ಎಸ್. ಬೆಳ್ಳಗಿರುವುದೆಲ್ಲ ಹಾಲಲ್ಲ ಅನ್ನುವುದು ಇಲ್ಲಿಗೂ ಸರಿ. ಎಸ್‌ಗೆ ಬೇರೆ ನಂಬರ್ ಸರಣಿ ಇತ್ತು, /6ಗೆ ಬೇರೆ. ಫ್ರೇಮ್ ನಂಬರ್ ಕೊಟ್ಟು ಕೇಳಿದರೆ ಮ್ಯೂನಿಕ್ಕಿನ ಬಿಎಂಡಬ್ಲ್ಯು ಕ್ಲಾಸಿಕ್ ವಿಭಾಗದವರು ಅದು ಯಾವ ಮಾಡೆಲ್ಲು, ಯಾವತ್ತು ತಯಾರಾಯಿತು, ಎಲ್ಲಿಗೆ ಹೋಯಿತು ಅಂತ ಹಳೇ ದಾಖಲೆ ನೋಡಿ ಹೇಳುತ್ತಾರೆ. ಅಡ್ವಾನ್ಸ್ ಕೊಡುವ ಮೊದಲೇ ಕೇಳಿ. "ಆಮೇಲೆ ಕಳಿಸ್ತೀನಿ ನಂಬರು" ಅನ್ನುವ ಮಾರಾಟಗಾರನಿಗೆ ಒಂದು ನಮಸ್ಕಾರ ಹಾಕಿ ಬಂದುಬಿಡಿ.

ಇನ್ನೊಂದು ಪತ್ತೇದಾರಿ ಕೆಲಸ ಇದೆ, ಹೆಚ್ಚಿನವರು ಮಾಡಲ್ಲ. ಹಿಂದಿನ ಚಕ್ರದ ಪಕ್ಕ ಶಾಫ್ಟಿನ ಕೊನೆಗೆ ಒಂದು ಗುಂಡಗಿನ ಗೇರ್ ಮನೆ ಇದೆಯಲ್ಲ, ಅದರ ಮೇಲೆ ಹಲ್ಲಿನ ಲೆಕ್ಕ ಕೊರೆದಿರುತ್ತೆ. ಎಸ್‌ಗೆ ಸಾಮಾನ್ಯವಾಗಿ 33/11, /6ಗೆ 34/11. ಕೊಳೆ ಒರೆಸಿ ಟಾರ್ಚ್ ಬಿಟ್ಟು ನೋಡಿ. ಫೇರಿಂಗು, ಟ್ಯಾಂಕು ಬದಲಾಯಿಸಿದವನು ಇದನ್ನು ಬದಲಾಯಿಸುವ ಗೋಜಿಗೆ ಹೋಗಿರಲ್ಲ.

ಆರ್‌ಎಸ್‌ನಲ್ಲೂ ಇದೇ ಕಥೆ. ಆರ್100/7, ಆರ್100ಎಸ್, ಆರ್100ಆರ್‌ಟಿ ಮೂರಕ್ಕೂ ಆರ್‌ಎಸ್ ಫೇರಿಂಗ್ ಕೂರಿಸಬಹುದು. ಆರ್‌ಎಸ್ ಫೇರಿಂಗು ಫ್ರೇಮಿನ ಕತ್ತಿನ ಭಾಗವನ್ನೇ ಮುಚ್ಚುವುದರಿಂದ ನಂಬರ್ ನೋಡಲು ಬಗ್ಗಬೇಕು, ಟಾರ್ಚು ಬೇಕು. ನಾಚಿಕೆ ಬಿಟ್ಟು ನೆಲಕ್ಕೆ ಮಂಡಿ ಊರಿ.

ಹೆಜ್ಜೆ 3: ಆರ್90ಎಸ್‌ನ ಬಣ್ಣ

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲೋಣ, ಎಸ್‌ನ ಬೆಲೆಯ ದೊಡ್ಡ ಪಾಲು ಇರುವುದೇ ಇಲ್ಲಿ.

ಎಸ್‌ಗೆ ಎರಡು ಬಣ್ಣ ಪ್ರಸಿದ್ಧ. ಮೊದಲಿನದು ಬೆಳ್ಳಿ ಹೊಗೆ, ಬೆಳ್ಳಿ ಬಣ್ಣ ಮೆಲ್ಲಗೆ ಕಪ್ಪಾಗುತ್ತಾ ಹೋಗುತ್ತೆ, ಮೇಲೆ ಬಂಗಾರದ ಸಣ್ಣ ಗೆರೆ. ಆಮೇಲೆ ಬಂದದ್ದು ಡೇಟೋನಾ ಕಿತ್ತಳೆ, ಅದರ ಗೆರೆ ಕೆಂಪು. ಎರಡನ್ನೂ ಕೈಯಿಂದ ಸ್ಪ್ರೇ ಮಾಡುತ್ತಿದ್ದರು, ಗೆರೆಯನ್ನೂ ಬ್ರಶ್ ಹಿಡಿದು ಕೈಯಲ್ಲೇ ಎಳೆಯುತ್ತಿದ್ದರು. ಹಾಗಾಗಿ ಯಾವ ಎರಡು ಟ್ಯಾಂಕೂ ಒಂದೇ ಥರ ಇಲ್ಲ. ಒಂದರಲ್ಲಿ ಹೊಗೆ ಮೇಲೆ ಹತ್ತಿರುತ್ತೆ, ಇನ್ನೊಂದರಲ್ಲಿ ಕೆಳಗೇ ನಿಂತಿರುತ್ತೆ. ಎಡಗಡೆ ಬಲಗಡೆ ಕೂಡ ಕರಾರುವಾಕ್ಕಾಗಿ ಹೊಂದಲ್ಲ. ಹೊಂದಬಾರದು ಕೂಡ!

ಒಂದು ಸಲ ಬವೇರಿಯಾದ ಒಂದು ಹಳ್ಳಿಯಲ್ಲಿ ಬೆಳ್ಳಿ ಎಸ್ ನೋಡಲು ಹೋಗಿದ್ದೆ. ಮಾರುವವರು ವಯಸ್ಸಾದವರು, ಕಾಫಿ ಕೊಟ್ಟರು, ಕೇಕ್ ಕೊಟ್ಟರು, ಬಣ್ಣ ಫ್ಯಾಕ್ಟರಿಯದ್ದೇ ಅಂದರು. ಬೈಕು ಮಿರಮಿರ ಮಿಂಚುತ್ತಿತ್ತು. ನಾನು ಬಂಗಾರದ ಗೆರೆಯ ಮೇಲೆ ಉಗುರು ಎಳೆದೆ. ಫ್ಯಾಕ್ಟರಿ ಗೆರೆ ಬೆರಳಿಗೆ ಸ್ವಲ್ಪ ಎದ್ದು ಸಿಗುತ್ತೆ, ಬ್ರಶ್ ಶುರುವಾದ ಜಾಗ ಒಂದಿಷ್ಟು ದಪ್ಪ, ಎತ್ತಿದ ಜಾಗ ತೆಳ್ಳಗೆ. ಇದರಲ್ಲಿ ಉಗುರಿಗೆ ಏನೂ ಸಿಗಲೇ ಇಲ್ಲ, ಗೆರೆ ಉದ್ದಕ್ಕೂ ಒಂದೇ ಅಗಲ. ಅಂದರೆ ಸ್ಟಿಕ್ಕರ್ ಅಂಟಿಸಿ ಮೇಲೆ ಲ್ಯಾಕರ್ ಹೊಡೆದಿದ್ದಾರೆ. ಸೀಟ್ ಎತ್ತಿ ಟ್ಯಾಂಕಿನ ಹಿಂದಿನ ಬುಡ ನೋಡಿದರೆ ರಬ್ಬರಿನ ಮೇಲೂ ಬೆಳ್ಳಿ ಬಣ್ಣದ ಸಣ್ಣ ಸಣ್ಣ ಹನಿ. ಅವರು ಸುಳ್ಳು ಹೇಳಿದರು ಅಂತ ನನಗೆ ಅನಿಸಲಿಲ್ಲ, ಅವರು ಕೊಳ್ಳುವಾಗಲೇ ಅದು ಹಾಗಿತ್ತೋ ಏನೋ. ಕಾಫಿ ಕುಡಿದು ಬಂದೆ.

ನೀವೂ ಇದನ್ನೇ ಮಾಡಿ. ಉಗುರಿನಿಂದ ಗೆರೆ ಮುಟ್ಟಿ. ಪೆಟ್ರೋಲ್ ಮುಚ್ಚಳ ತೆಗೆದು ಬಾಯಿಯ ಅಂಚು ನೋಡಿ, ಹೊಸದಾಗಿ ಹೊಡೆದ ಬಣ್ಣ ಅಲ್ಲಿ ಟೇಪ್ ಹಚ್ಚಿದ ಗೆರೆಯಲ್ಲಿ ನಿಂತಿರುತ್ತೆ. ಟ್ಯಾಂಕಿನ ಹೊಟ್ಟೆ, ಫೇರಿಂಗ್ ಒಳಮೈ, ಹಿಂದಿನ ಬಾಲದ ಕೆಳಗೆ ನೋಡಿ. ಫೇರಿಂಗಿನ ಹೊಗೆ, ಟ್ಯಾಂಕಿನ ಹೊಗೆ, ಬಾಲದ ಹೊಗೆ ಒಂದೇ ವಯಸ್ಸಿನ ಹಾಗೆ ಕಾಣಬೇಕು, ಒಂದು ಮಾಸಿ ಇನ್ನೊಂದು ಹೊಳೆಯುತ್ತಿದ್ದರೆ ಯಾವುದೋ ಒಂದು ಬೇರೆಯದ್ದು. ಗೀರು ಬಿದ್ದ ಹಳೇ ಬಣ್ಣ ಯಾವಾಗಲೂ ಮಿಂಚುವ ಹೊಸ ಬಣ್ಣಕ್ಕಿಂತ ಮೇಲು. ಎಷ್ಟೋ ಜನ ಹಳೇ ಬಣ್ಣವನ್ನು "ಸ್ವಲ್ಪ ಮಾಸಿದೆ" ಅಂತ ಕೆರೆಸಿ ಹೊಸದು ಹೊಡೆಸಿ, ದುಡ್ಡೂ ಖರ್ಚು ಮಾಡಿ, ಬೆಲೆಯನ್ನೂ ಇಳಿಸಿಕೊಂಡಿದ್ದಾರೆ. ನೋಡಿದರೆ ಹೊಟ್ಟೆ ಉರಿಯುತ್ತೆ.

ಹೆಜ್ಜೆ 4: ಆರ್‌ಎಸ್‌ನ ಫೇರಿಂಗು

ಆರ್‌ಎಸ್‌ನಲ್ಲಿ ಜೇಬಿಗೆ ಕತ್ತರಿ ಹಾಕುವುದು ಫೇರಿಂಗು. ಇದು ಒಂದೇ ತುಂಡಲ್ಲ, ಹಲವು ತುಂಡು ಸೇರಿಸಿ ಒಳಗೆ ಲೋಹದ ಕಂಬಿಗಳಿಗೆ ಬಿಗಿದಿರುತ್ತಾರೆ. ಬೈಕು ಒಂದು ಸಲ ಮಗ್ಗುಲಿಗೆ ಬಿದ್ದರೆ ಮೊದಲು ನೆಲ ಮುಟ್ಟುವುದು ಸಿಲಿಂಡರು, ಅದು ಫೇರಿಂಗನ್ನು ಒಂದಷ್ಟು ಉಳಿಸುತ್ತೆ. ಆದರೆ ಸಿಲಿಂಡರ್ ಹೊರಬರುವ ಜಾಗದ ಸುತ್ತ ಬಿರುಕು ಬಿಡುತ್ತೆ. ಅಲ್ಲಿಗೇ ಟಾರ್ಚ್ ಬಿಡಿ. ಒಳಗಡೆಯಿಂದ ನೋಡಿದರೆ ಫೈಬರ್ ತೇಪೆ ಹಾಕಿದ್ದು ಕಾಣುತ್ತೆ, ಹೊರಗಿನಿಂದ ಕಾಣಲ್ಲ. ಕಂಬಿ ಬಗ್ಗಿದ್ದರೆ ಎರಡೂ ಪಕ್ಕದ ಸಂದು ಒಂದೇ ಅಗಲ ಇರಲ್ಲ, ಮುಂದೆ ಐದು ಹೆಜ್ಜೆ ದೂರ ನಿಂತು ನೋಡಿದರೆ ತಲೆ ಓರೆ ಆದ ಹಾಗೆ ಕಾಣುತ್ತೆ.

ಕೆಳಗಿನ ತುಂಡುಗಳು ಇವೆಯಾ ನೋಡಿ. ಬೇಸಿಗೆಯಲ್ಲಿ ಬಿಸಿ ತಡೆಯಲಾಗದೆ ಅವನ್ನು ಬಿಚ್ಚಿಟ್ಟವರು ಬೇಕಾದಷ್ಟು ಜನ, ಎಲ್ಲಿಟ್ಟೆವು ಅಂತ ಮರೆತವರೂ ಅಷ್ಟೇ ಜನ. ಸ್ಕ್ರೂ, ರಬ್ಬರು, ಗಾಜು, ಹೆಡ್‌ಲೈಟ್ ಮುಂದಿನ ಗಾಜಿನ ಮುಚ್ಚಳ ಎಲ್ಲಾ ಎಣಿಸಿ. ಒಂದೊಂದೇ ಹುಡುಕಿ ತರಲು ಹೊರಟರೆ ಮ್ಯಾನ್‌ಹೈಮ್‌ನ ವೆಟೆರಾಮಾ ಸಂತೆಗೆ ಎರಡು ವರ್ಷ ಓಡಾಡಬೇಕು. (ಆ ಸಂತೆಗೆ ಸುಮ್ನೆ ಆದರೂ ಒಂದು ಸಲ ಹೋಗಿ. ಹಳೇ ಬಿಡಿಭಾಗದ ರಾಶಿ ನೋಡಿದರೆ ನಮ್ಮ ಊರ ಜಾತ್ರೆ ನೆನಪಾಗುತ್ತೆ.)

ಹೆಜ್ಜೆ 5: ಯಾವ ವರ್ಷದ್ದು ಅಂತ ಬೈಕೇ ಹೇಳುತ್ತೆ

ಕಾಗದದಲ್ಲಿರುವ ವರ್ಷಕ್ಕೂ ಎದುರಿಗಿರುವ ಬೈಕಿಗೂ ತಾಳೆ ಹಾಕಬೇಕು. ಮೊದಲ ವರ್ಷದ ಎಸ್‌ನಲ್ಲಿ ಮುಂದಿನ ಡಿಸ್ಕುಗಳಿಗೆ ತೂತಿಲ್ಲ, ಕಿಕ್ಕರ್ ಇರುತ್ತೆ. 1975ರ ಮಾಡೆಲ್‌ನಿಂದ ತೂತಿರುವ ಡಿಸ್ಕು ಬಂತು, ಮುಂದಿನ ಆಕ್ಸಲ್ 14 ಮಿ.ಮೀ. ಇದ್ದದ್ದು 17 ಮಿ.ಮೀ. ಆಯಿತು, ಹ್ಯಾಂಡಲ್ ಸ್ವಿಚ್ಚುಗಳು ಬದಲಾದವು, ಕಿಕ್ಕರ್ ಬೇಕಿದ್ದರೆ ಮಾತ್ರ ಅನ್ನುವಂತಾಯಿತು. ಡೇಟೋನಾ ಕಿತ್ತಳೆ ಬಣ್ಣದ್ದು 1974ರ ಮಾಡೆಲ್ಲು ಅಂತ ಯಾರಾದರೂ ಮಾರಿದರೆ ಎರಡು ಪ್ರಶ್ನೆ ಜಾಸ್ತಿ ಕೇಳಿ. ಓಡಿಸುವ ಉದ್ದೇಶ ಇದ್ದರೆ 1975, 76ರದ್ದೇ ಮೇಲು ಅಂತ ನನ್ನ ಎಣಿಕೆ. ಮೊದಲ ವರ್ಷದ್ದೇ ಬೇಕು ಅನ್ನುವ ಹುಚ್ಚೂ ಇದೆ, ಅದು ಅವರವರ ಇಷ್ಟ.

ಆರ್‌ಎಸ್‌ನಲ್ಲಿ ಮೊದಲಿನವು ಬೆಳ್ಳಿ ಬಣ್ಣ, ನೀಲಿ ಗೆರೆ, ಕಡ್ಡಿ ಚಕ್ರ, ಹಿಂದೆ ಡ್ರಮ್ ಬ್ರೇಕು. 1978ರ ಮಾಡೆಲ್‌ನಿಂದ ಹಿಮದ ಹೂವಿನಂಥ ಎರಕದ ಚಕ್ರ ಮತ್ತು ಹಿಂದೆ ಡಿಸ್ಕು. ಕಡ್ಡಿ ಚಕ್ರದ ಮೊದಲ ಆರ್‌ಎಸ್ ಸಂಗ್ರಹಕಾರರಿಗೆ ಬೇಕಾದ್ದು. ಎರಕದ ಮುಂದಿನ ಚಕ್ರಗಳಲ್ಲಿ ಬಿರುಕಿನ ಸಮಸ್ಯೆ ಬಂದು ಕಂಪನಿಯೇ ವಾಪಸ್ ಕರೆಸಿಕೊಂಡಿತ್ತು. ಆ ಕೆಲಸ ಆಗಿದೆಯಾ ಅಂತ ಕೇಳಿ, ಕಾಗದ ಇಲ್ಲದಿದ್ದರೆ ಚಕ್ರವನ್ನು ಕಡ್ಡಿ ಕಡ್ಡಿಯಾಗಿ ನೋಡಿ. 1981ರ ಮಾಡೆಲ್‌ನಿಂದ ಬ್ರೆಂಬೋ ಬ್ರೇಕು, ಎಲೆಕ್ಟ್ರಾನಿಕ್ ಇಗ್ನಿಷನ್, ಸವೆತ ತಡೆಯುವ ನಿಕಾಸಿಲ್ ಲೇಪದ ಸಿಲಿಂಡರು, ಹಗುರವಾದ ಕ್ಲಚ್ಚು ಬಂದವು. ಓಡಿಸಲು ಇದೇ ಅತ್ಯುತ್ತಮ ಆರ್‌ಎಸ್. ಆದರೆ 1981ರಿಂದ 84ರವರೆಗಿನವುಗಳಲ್ಲಿ ಎಕ್ಸಾಸ್ಟ್ ವಾಲ್ವ್ ಕೂರುವ ಸೀಟು ಬೇಗ ಸವೆಯುವ ರೋಗ ಇತ್ತು. ಹೆಡ್ ರಿಪೇರಿ ಆಗಿದೆಯಾ, ಬಿಲ್ ಇದೆಯಾ ಕೇಳಿ. 1986ರಲ್ಲಿ ಆರ್‌ಎಸ್ ಹೆಸರು ಮತ್ತೆ ಬಂತು, ಹಿಂದೆ ಒಂದೇ ಶಾಕ್ ಅಬ್ಸಾರ್ಬರು, 60 ಅಶ್ವಶಕ್ತಿ. ಒಳ್ಳೇ ಬೈಕು. ಸಂಗ್ರಹದ ಲೆಕ್ಕದಲ್ಲಿ ಮಾತ್ರ ಅದು ಬೇರೆ ಮಾತು.

ಹೆಜ್ಜೆ 6: ಬ್ರೇಕು ಮತ್ತು ಕಾರ್ಬೊರೇಟರು

ಎಸ್‌ನಲ್ಲೂ 1980ರವರೆಗಿನ ಆರ್‌ಎಸ್‌ನಲ್ಲೂ ಒಂದು ವಿಚಿತ್ರ ಇದೆ. ಮುಂದಿನ ಬ್ರೇಕಿನ ಮಾಸ್ಟರ್ ಸಿಲಿಂಡರು ಹ್ಯಾಂಡಲ್ ಮೇಲಿಲ್ಲ, ಟ್ಯಾಂಕಿನ ಕೆಳಗಿದೆ. ಲಿವರ್ ಒತ್ತಿದರೆ ಕೇಬಲ್ ಎಳೆಯುತ್ತೆ, ಕೇಬಲ್ಲು ಅದನ್ನು ಒತ್ತುತ್ತೆ. ಹ್ಯಾಂಡಲ್ ಅಂದವಾಗಿ ಕಾಣುತ್ತೆ ನಿಜ, ಆದರೆ ಅದು ಸೋರಿದರೆ ಯಾರಿಗೂ ಗೊತ್ತಾಗಲ್ಲ. ಬ್ರೇಕ್ ಆಯಿಲ್ ಫ್ರೇಮಿನ ಮೇಲೆ ಇಳಿದು ಬಣ್ಣ ತಿಂದು ಹಾಕುತ್ತೆ. ಹಾಗಾಗಿ ಟ್ಯಾಂಕ್ ತೆಗೆದು ತೋರಿಸಿ ಅಂತ ಕೇಳಿ, ಐದು ನಿಮಿಷದ ಕೆಲಸ. ಮಾಸ್ಟರ್ ಸಿಲಿಂಡರ್ ಕೆಳಗೆ ಫ್ರೇಮಿನ ಬಣ್ಣ ಸುಲಿದು ತುಕ್ಕು ಹಿಡಿದಿದ್ದರೆ ವರ್ಷಗಟ್ಟಲೆ ಸೋರಿದೆ.

ಎಸ್‌ನ ದೊಡ್ಡ ಗುರುತು ಡೆಲ್‌ಒರ್ಟೊ 38 ಮಿ.ಮೀ. ಕಾರ್ಬೊರೇಟರು. ಆಕ್ಸಿಲರೇಟರ್ ತಿರುಗಿಸಿದ ಕೂಡಲೇ ಪೆಟ್ರೋಲ್ ಚಿಮ್ಮುವ ಪಂಪು ಇದರೊಳಗಿದೆ, ಅದಕ್ಕೇ ಎಸ್‌ಗೆ ಆ ಚುರುಕು. ಸವೆದ ಮೇಲೆ ಐಡ್ಲಿಂಗ್ ನಿಲ್ಲಲ್ಲ. ಕೆಲವರು ತಲೆನೋವೇ ಬೇಡ ಅಂತ ಕಿತ್ತು ಬಿಂಗ್ ಹಾಕಿರುತ್ತಾರೆ. ಹಾಗಿದ್ದರೆ ಹಳೇ ಡೆಲ್‌ಒರ್ಟೊ ಡಬ್ಬಿಯಲ್ಲಾದರೂ ಇದೆಯಾ ಕೇಳಿ, ಇಲ್ಲ ಅಂದರೆ ಬೆಲೆ ಇಳಿಸಿ. ಆರ್‌ಎಸ್‌ನ ಬಿಂಗ್ 40 ಮಿ.ಮೀ.ಯದ್ದು, ರಬ್ಬರ್ ಪೊರೆ ಹರಿದರೆ ಒಂದು ಕಡೆ ಎಳೆತ ಸತ್ತ ಹಾಗೆ ಆಗುತ್ತೆ, ಹೊಸ ಪೊರೆ ಹಾಕಿದರೆ ಮುಗೀತು.

ಹೆಜ್ಜೆ 7: ಈಗ ಎಂಜಿನ್ನು

ನೀವು ಬರುವ ಮೊದಲೇ ಎಂಜಿನ್ ಬಿಸಿ ಮಾಡಿಟ್ಟಿರಬಾರದು ಅಂತ ಫೋನಿನಲ್ಲೇ ಹೇಳಿರಿ. ಹೋದ ಕೂಡಲೇ ಸಿಲಿಂಡರ್ ಮುಟ್ಟಿ ನೋಡಿ.

ಸ್ಟಾರ್ಟ್ ಆದ ಮೇಲೆ ನಿಂತಲ್ಲೇ ರೇಸ್ ಮಾಡಿದರೆ ಬೈಕು ಬಲಕ್ಕೆ ವಾಲುತ್ತೆ. ಹೆದರಬೇಡಿ, ಬಾಕ್ಸರ್ ಇರುವುದೇ ಹಾಗೆ. ವಾಲ್ವಿನ ಟಿಕಟಿಕ ಸದ್ದೂ ಮಾಮೂಲಿ. ಕೆಳಗಿನಿಂದ ಡಬಡಬ ಬಂದರೆ ಮಾತ್ರ ಯೋಚಿಸಿ. ಸಿಲಿಂಡರಿನ ಕೆಳಗಿರುವ ಪುಶ್‌ರಾಡ್ ಕೊಳವೆಯ ರಬ್ಬರಿನಲ್ಲಿ ಆಯಿಲ್ ಜಿನುಗಿದರೆ ಅದು ಸಣ್ಣ ಕೆಲಸ. ಎಂಜಿನ್ನು ಮತ್ತು ಗೇರ್ ಬಾಕ್ಸ್ ಸೇರುವ ಜಾಗದ ತಳದಿಂದ ಆಯಿಲ್ ಹನಿಯುತ್ತಿದ್ದರೆ ಸ್ವಲ್ಪ ದೊಡ್ಡ ಕೆಲಸ, ಗೇರ್ ಬಾಕ್ಸ್ ಇಳಿಸಬೇಕು. ಅಲ್ಲಿರುವುದು ಡ್ರೈ ಕ್ಲಚ್ಚು, ಆಯಿಲ್ ತಾಗಿದರೆ ಜಾರುತ್ತೆ. ಎರಡೂ ಕಡೆ ಕಂಪ್ರೆಷನ್, ಅಂದರೆ ಸಿಲಿಂಡರ್ ಒಳಗಿನ ಒತ್ತಡ, ಅಳೆಯಿರಿ. ಎಷ್ಟು ಬಂತು ಅನ್ನುವುದಕ್ಕಿಂತ ಎರಡೂ ಕಡೆ ಹತ್ತಿರ ಹತ್ತಿರ ಬಂತಾ ಅನ್ನುವುದು ಮುಖ್ಯ.

ಸೈಲೆನ್ಸರ್ ಪೈಪು ಹೆಡ್‌ಗೆ ಸೇರುವಲ್ಲಿ ರೆಕ್ಕೆ ರೆಕ್ಕೆಯ ಒಂದು ದೊಡ್ಡ ನಟ್ಟು ಇದೆ. ವರ್ಷಗಟ್ಟಲೆ ಬಿಚ್ಚದಿದ್ದರೆ ಅದು ಹೆಡ್ಡಿನ ಥ್ರೆಡ್ಡಿಗೇ ಕಚ್ಚಿಕೊಳ್ಳುತ್ತೆ. ಬಲ ಹಾಕಿ ತಿರುಗಿಸಿದರೆ ಥ್ರೆಡ್ಡೇ ಕಿತ್ತು ಬರುತ್ತೆ. ರೆಕ್ಕೆ ಮುರಿದಿದ್ದರೆ, ಸುತ್ತಿಗೆ ಉಳಿಯ ಗುರುತಿದ್ದರೆ ಯಾರೋ ಅಲ್ಲಿ ಕುಸ್ತಿ ಮಾಡಿದ್ದಾರೆ ಅಂತ ತಿಳಿಯಿರಿ. ಕಚ್ಚಿಕೊಂಡ ನಟ್ಟನ್ನು ಕೊಯ್ದು ತೆಗೆಯುವುದೇ ಸರಿ, ನಟ್ಟು ಅಗ್ಗ, ಹೆಡ್ಡು ಅಲ್ಲ.

ಸಾಧ್ಯವಾದರೆ ಹಿಂದಿನ ಚಕ್ರ ಬಿಚ್ಚಿಸಿ. ಶಾಫ್ಟಿನ ಗೇರಿನಿಂದ ಚಕ್ರಕ್ಕೆ ತಿರುಗುಬಲ ಹೋಗುವುದು ಒಂದು ಸುತ್ತು ಹಲ್ಲುಗಳ ಮೂಲಕ. ಒಳ್ಳೇ ಹಲ್ಲಿನ ತಲೆ ಚಪ್ಪಟೆ ಇರುತ್ತೆ, ಗ್ರೀಸ್ ಕಾಣದ ಹಲ್ಲು ಗರಗಸದ ಹಾಗೆ ಚೂಪಾಗಿರುತ್ತೆ. ಚೂಪಾಗಿದ್ದರೆ ಇಷ್ಟು ವರ್ಷ ಯಾರೂ ಈ ಬೈಕಿನ ಕಡೆ ನೋಡಿಲ್ಲ, ಮಿಂಚುವ ಟ್ಯಾಂಕು ಏನೇ ಹೇಳಲಿ.

ಆಮೇಲೆ ಓಡಿಸಿ. ಆಕ್ಸಿಲರೇಟರ್ ಕೊಟ್ಟಾಗ ಹಿಂಭಾಗ ಮೇಲೇಳುತ್ತೆ, ಬಿಟ್ಟಾಗ ಕೂರುತ್ತೆ, ಶಾಫ್ಟ್ ಬೈಕಿನ ಗುಣ ಅದು. ತಿರುವಿನ ಮಧ್ಯೆ ಗಾಬರಿಯಾಗಿ ಆಕ್ಸಿಲರೇಟರ್ ಬಿಡಬೇಡಿ. ಗೇರು "ಕಡಕ್" ಅಂತಲೇ ಬೀಳುತ್ತೆ, ಬಿದ್ದ ಮೇಲೆ ಜಿಗಿದು ವಾಪಸ್ ಬರಬಾರದು. ಕೈ ಸ್ವಲ್ಪ ಸಡಿಲ ಹಿಡಿದಾಗ ಹ್ಯಾಂಡಲ್ ನಡುಗಿದರೆ ಸ್ಟಿಯರಿಂಗ್ ಬೇರಿಂಗು, ಸ್ವಿಂಗ್ ಆರ್ಮ್ ಬೇರಿಂಗು ಎರಡನ್ನೂ ಲೆಕ್ಕಕ್ಕೆ ಸೇರಿಸಿ.

ಕಾಗದ, ಮತ್ತು ಊರಿಗೆ ತರುವ ಆಸೆ

ಜರ್ಮನಿಯಲ್ಲಿ 30 ವರ್ಷ ದಾಟಿದ, ಮೂಲ ರೂಪದಲ್ಲಿರುವ ವಾಹನಕ್ಕೆ ಎಚ್ ನಂಬರ್ ಪ್ಲೇಟ್ ಸಿಗುತ್ತೆ, ಬೈಕಿಗೆ ವರ್ಷದ ತೆರಿಗೆ 46 ಯೂರೋ ಚಿಲ್ಲರೆ. ಎಚ್ ಪ್ಲೇಟ್ ಇದೆ ಅಂದರೆ ಒಬ್ಬ ತಜ್ಞ ಯಾವತ್ತೋ ಒಂದು ದಿನ ನೋಡಿ ಒಪ್ಪಿದ್ದಾನೆ ಅಂತಷ್ಟೇ, ನಂಬರ್ ಹೊಂದುತ್ತೆ ಅಂತಲ್ಲ. ನೋಂದಣಿಯ ಎರಡೂ ಕಾಗದ, ಹಳೇ ತಪಾಸಣೆ ವರದಿಗಳು, ಸರ್ವಿಸ್ ಪುಸ್ತಕ ಕೇಳಿ. ತಪಾಸಣೆ ವರದಿಯಲ್ಲಿ ಪ್ರತಿ ಸಲವೂ ಎಷ್ಟು ಕಿ.ಮೀ. ಓಡಿದೆ ಅಂತ ಬರೆದಿರುತ್ತಾರೆ, ಮೀಟರ್ ಹಿಂದೆ ತಿರುಗಿಸಿದ್ದರೆ ಅಲ್ಲೇ ಸಿಕ್ಕಿಬೀಳುತ್ತೆ.

ಬೆಂಗಳೂರಿಗೆ ಕಳಿಸುವ ಯೋಚನೆ ಇರುವವರಿಗೆ ಒಂದು ಮಾತು. ಹಳೇ ವಾಹನ ಆಮದು ಮಾಡುವ ನಿಯಮ ಬೇರೆ, ಆರ್‌ಟಿಓದಲ್ಲಿ ನೋಂದಾಯಿಸುವ ನಿಯಮ ಬೇರೆ. ಎರಡನ್ನೂ ಬೆರೆಸಿಕೊಂಡು ಹಡಗಿಗೆ ಹಾಕಿಬಿಟ್ಟರೆ ಬೈಕು ಬಂದರಿನಲ್ಲಿ ಕೂರುತ್ತೆ. ಮೊದಲು ಕಸ್ಟಮ್ಸ್ ಏಜೆಂಟರ ಹತ್ತಿರ ಆ ದಿನದ ನಿಯಮ ಕೇಳಿ, ಆಮೇಲೆ ಬೈಕಿನವನಿಗೆ ದುಡ್ಡು ಕೊಡಿ. ನೋಂದಣಿಯ ವಿಷಯಕ್ಕೆ ಬಂದರೆ, 2021ರಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ್ದು ವಿಂಟೇಜ್. ನಂಬರಿನಲ್ಲಿ ಕೆಎ ಆದ ಮೇಲೆ ವಿಎ ಅಂತ ಬರುತ್ತೆ, ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, 10 ವರ್ಷ ನಡೆಯುತ್ತೆ. ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಹಾಕಿಸಲು ಓಡಿಸಬಹುದು, ದಿನಾ ಆಫೀಸಿಗೆ ಹೋಗುವ ಹಾಗಿಲ್ಲ. ಈ ಲೆಕ್ಕದಲ್ಲಿ 1974, 75ರ ಎಸ್ ಆಗಲೇ 50 ದಾಟಿದೆ, 1977ರ ಆರ್‌ಎಸ್ 2027ರಲ್ಲಿ ದಾಟುತ್ತೆ. ಊರಿಗೆ ಅಂತಲೇ ಕೊಳ್ಳುವವರಿಗೆ ಎಸ್ ಕಡೆ ಇದೊಂದು ಸಣ್ಣ ತೂಕ.

ಮನೆಗೆ ತಂದ ಮೊದಲ ವಾರ

ಬೈಕು ಬಂದ ಖುಷಿಯಲ್ಲಿ ಸುಮ್ಮನೆ ಓಡಿಸಲು ಹೋಗಬೇಡಿ. ನಾಲ್ಕು ಕಡೆ ಆಯಿಲ್ ಬದಲಾಯಿಸಿ. ಎಂಜಿನ್ನಿಗೆ 20ಡಬ್ಲ್ಯು-50, ಗೇರ್ ಬಾಕ್ಸಿಗೆ 800 ಮಿ.ಲೀ., ಹಿಂದಿನ ಗೇರ್ ಮನೆಗೆ 250 ಮಿ.ಲೀ., ಶಾಫ್ಟಿನ ಕೊಳವೆಗೆ 100 ಮಿ.ಲೀ. ಆಸುಪಾಸು. ಶಾಫ್ಟಿನದ್ದನ್ನು ಮರೆಯುವವರೇ ಜಾಸ್ತಿ.

ಆಯಿಲ್ ಫಿಲ್ಟರ್ ಮುಚ್ಚಳದ ಹಿಂದೆ ಒಂದು ಬಿಳಿ ರಬ್ಬರ್ ಉಂಗುರ ಇದೆ. ನೋಡಲು ಬಳೆಯಷ್ಟು ಸಾದಾ. ಅದನ್ನು ಸರಿಯಾಗಿ ಕೂರಿಸದಿದ್ದರೆ, ಅಥವಾ ಅದರ ಜೊತೆಯ ತೆಳು ವಾಷರ್ ಬಿಟ್ಟುಹೋದರೆ, ಆಯಿಲ್ ಒತ್ತಡ ಬಿದ್ದು ಎಂಜಿನ್ನೇ ಹೋಗುತ್ತೆ. ಅಮೆರಿಕದ ಬಾಕ್ಸರ್ ಹುಚ್ಚರು ಇದಕ್ಕೆ "ಎರಡು ಸಾವಿರ ಡಾಲರಿನ ಉಂಗುರ" ಅಂತ ಹೆಸರಿಟ್ಟಿದ್ದಾರೆ. ಹಳೆಯದನ್ನು ಮತ್ತೆ ಹಾಕಬೇಡಿ.

ಇನ್ನು ನನ್ನ ಪೆದ್ದುತನ ಹೇಳಿಬಿಡುತ್ತೇನೆ. ಎಂಜಿನ್ ಮುಂದಿನ ಮುಚ್ಚಳದ ಹಿಂದೆ ಕರೆಂಟ್ ಹುಟ್ಟಿಸುವ ಆಲ್ಟರ್ನೇಟರು, ಅದರ ಮೇಲ್ಗಡೆ ಆ ಕರೆಂಟನ್ನು ಬ್ಯಾಟರಿಗೆ ಒಗ್ಗಿಸುವ ಡಯೋಡ್ ಬೋರ್ಡು. ನನ್ನ ಆರ್‌ಎಸ್ ತಂದ ಮೂರನೇ ದಿನ, ಚಾರ್ಜಿಂಗ್ ವೈರು ನೋಡೋಣ ಅಂತ ಮೂರು ಅಲೆನ್ ಬೋಲ್ಟು ಬಿಚ್ಚಿ ಮುಚ್ಚಳ ಎಳೆದೆ. ಬ್ಯಾಟರಿ ಬಿಚ್ಚಿರಲಿಲ್ಲ. ಕೀ ಆಫ್ ಇದೆಯಲ್ಲ ಅಂದುಕೊಂಡೆ. ಆ ಬೋರ್ಡಿಗೆ ಕೀ ಆಫ್ ಇದ್ದರೂ ಬ್ಯಾಟರಿಯಿಂದ ನೇರ ಕರೆಂಟ್ ಇರುತ್ತೆ. ಮುಚ್ಚಳದ ಒಳ ಅಂಚು ಅದಕ್ಕೆ ತಾಗಿತು. ಒಂದು "ಚಟ್", ಒಂದು ನೀಲಿ ಕಿಡಿ, ಆಮೇಲೆ ಸುಟ್ಟ ವಾಸನೆ. ಹೆಂಡತಿ ಮೇಲಿನಿಂದ "ಏನ್ರೀ ಅದು?" ಅಂದಳು, "ಏನಿಲ್ಲ" ಅಂದೆ. ಡಯೋಡ್ ಬೋರ್ಡ್ ಹೊಸದು ಬರಲು ಒಂಬತ್ತು ದಿನ ಆಯಿತು. ಬ್ಯಾಟರಿಯ ನೆಗೆಟಿವ್ ತುದಿಗೆ 10 ನಂಬರ್ ಸ್ಪ್ಯಾನರ್ ಹಾಕಿ ಒಂದು ಸುತ್ತು ತಿರುಗಿಸಿದ್ದರೆ ಸಾಕಿತ್ತು. ಈಗ ಆ ಸ್ಪ್ಯಾನರನ್ನು ಒಂದು ದಾರ ಕಟ್ಟಿ ಹ್ಯಾಂಡಲ್‌ಗೇ ನೇತುಹಾಕಿದ್ದೇನೆ.